ನಾಲ್ಕರಲ್ಲಿ ಎರಡು ಡಿಸ್ಕ್ ಬಿದ್ದ ರೇಡ್ 5: ಡೇಟಾ ವಾಪಸ್ ತೆಗೆದ ಬಗೆ

ರೇಡ್ ಅರೇ ಅಂದರೆ ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದೇ ಡಿಸ್ಕ್‌ನಂತೆ ಬಳಸುವ ಗುಂಪು. ಬಿದ್ದುಹೋದ ಅಂಥ ಅರೇಯನ್ನು ಎಬ್ಬಿಸಿ ಮೌಂಟ್ ಮಾಡುವುದು, ಅಂದರೆ ಫೈಲುಗಳು ಕಾಣುವಂತೆ ಮಾಡುವುದು, ಅಂದುಕೊಂಡಷ್ಟು ಕಷ್ಟವಲ್ಲ. ಎಷ್ಟೋ ಸಲ ಒಂದೇ ಕಮಾಂಡ್ ಸಾಕು. ಆದರೆ ಎದ್ದ ಮೇಲೆ ಅದರಲ್ಲಿ ಯಾವ ಫೈಲು ಸರಿಯಿದೆ, ಯಾವುದು ಒಳಗೊಳಗೇ ಹಾಳಾಗಿದೆ ಅಂತ ಅರೇ ತಾನಾಗಿ ಹೇಳುವುದಿಲ್ಲ. ಈ ರಿಪೇರಿಯಲ್ಲಿ ನನ್ನ ಸಮಯ ಜಾಸ್ತಿ ಹೋಗಿದ್ದು ಅದನ್ನು ಕಂಡುಹಿಡಿಯುವುದಕ್ಕೇ. ಹಾಗಾಗಿ ಈ ಬರಹವೂ ಆ ಕಡೆಗೇ ವಾಲಿದೆ.

ಗೆಳೆಯರೊಬ್ಬರ ಫೈಲ್ ಸರ್ವರ್. 4 ಟೆರಾಬೈಟಿನ ನಾಲ್ಕು ಡಿಸ್ಕ್. ಲಿನಕ್ಸ್‌ನ ಎಂಡಿ ಎಂಬ ಸಾಫ್ಟ್‌ವೇರ್ ರೇಡ್, ಲೆವೆಲ್ 5 (ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುತ್ತದೆ, ಎರಡು ಹೋದರೆ ಇಲ್ಲ), ಚಂಕ್ ಅಂದರೆ ಪ್ರತಿ ಡಿಸ್ಕ್‌ಗೆ ಹಂಚುವ ತುಂಡು 512 ಕಿಲೋಬೈಟ್, ಮೇಲೆ ಇಎಕ್ಸ್‌ಟಿ4 ಫೈಲ್ ಸಿಸ್ಟಮ್. ಒಟ್ಟು 12 ಟೆರಾಬೈಟ್ ಜಾಗ, ಅದರಲ್ಲಿ 6 ಟೆರಾಬೈಟ್‌ನಷ್ಟು ತುಂಬಿತ್ತು. ಡಿಸ್ಕ್‌ಗಳನ್ನು ಇಲ್ಲಿ ಬಿ, ಸಿ, ಡಿ, ಇ ಅಂತ ಕರೆಯುತ್ತೇನೆ. ಫೈಲುಗಳು ತೆರೆಯುತ್ತಿಲ್ಲ ಅಂತ ಯಾರೋ ಸರ್ವರನ್ನು ರೀಬೂಟ್ ಮಾಡಿದ್ದರು. ಆಮೇಲೆ ಅರೇ ಮೇಲೇಳಲೇ ಇಲ್ಲ. ಅರೇಯ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್‌ನಲ್ಲಿ ನೋಡಿದರೆ ಇನ್‌ಆಕ್ಟಿವ್ ಅಂತ ಇತ್ತು, ನಾಲ್ಕೂ ಡಿಸ್ಕ್‌ಗಳ ಪಕ್ಕ ಸ್ಪೇರ್, ಅಂದರೆ ಬಳಕೆಯಲ್ಲಿಲ್ಲದ ಡಿಸ್ಕ್, ಎಂಬ ಗುರುತು. ಮೊದಲ ಸಲ ಇದನ್ನು ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ, ಆದರೆ ಹೆದರಬೇಕಾಗಿಲ್ಲ. ಅರೇ ಪೂರ್ತಿ ಶುರುವಾಗದೆ ಅರ್ಧಕ್ಕೇ ನಿಂತರೆ ಎಲ್ಲ ಡಿಸ್ಕ್‌ಗಳೂ ಹಾಗೇ ಕಾಣುತ್ತವೆ.

ಮೆಷಿನ್ ಆಫ್ ಮಾಡಿ, ಪ್ರತಿ ಡಿಸ್ಕ್‌ನ ಸೀರಿಯಲ್ ನಂಬರನ್ನು ಚೀಟಿಯಲ್ಲಿ ಬರೆದು ಅದರ ಮೇಲೇ ಅಂಟಿಸಿದೆ. ಲಿನಕ್ಸ್ ಕೊಡುವ ಡಿಸ್ಕ್ ಅಕ್ಷರಗಳು ಪ್ರತಿ ಬೂಟ್‌ಗೂ ಬದಲಾಗಬಹುದು, ಸೀರಿಯಲ್ ಬದಲಾಗುವುದಿಲ್ಲ. ನಂತರ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಗಳನ್ನು ತೆಗೆದೆ.

ಬಿ ಮತ್ತು ಡಿ ಚೆನ್ನಾಗಿದ್ದವು. ಇ ಡಿಸ್ಕ್‌ನಲ್ಲಿ 197ನೇ ಸಾಲು, ಅಂದರೆ ಕರೆಂಟ್ ಪೆಂಡಿಂಗ್ ಸೆಕ್ಟರ್ (ಸೆಕ್ಟರ್ ಅಂದರೆ ಡಿಸ್ಕ್‌ನ ಅತಿ ಚಿಕ್ಕ ತುಂಡು), ಏರಿತ್ತು. 198, ಅಂದರೆ ಸರಿಪಡಿಸಲಾಗದ ಸೆಕ್ಟರ್, ಕೂಡ. ಅಂದರೆ ಓದಲಾಗದ ಸೆಕ್ಟರ್‌ಗಳು ನಿಜವಾಗಿಯೂ ಇವೆ. ಸಿ ಡಿಸ್ಕ್‌ನದು ಬೇರೆ ಕಥೆ. ಅಲ್ಲಿ 5 (ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳು) ಮತ್ತು 197 ಎರಡೂ ಸೊನ್ನೆ, ಆದರೆ 199ನೇ ಸಾಲಿನ ಸಿಆರ್‌ಸಿ ಎರರ್ ಸಾವಿರಗಟ್ಟಲೆ. ಸಿಆರ್‌ಸಿ ಎರರ್ ಅಂದರೆ ಡಿಸ್ಕ್‌ನಿಂದ ಬೋರ್ಡಿಗೆ ಬರುವ ದಾರಿಯಲ್ಲಿ ಡೇಟಾ ಕೆಟ್ಟಿದೆ ಅಂತ. ಹೆಚ್ಚಿನ ಸಲ ತಪ್ಪು ಸಾಟಾ ಕೇಬಲ್‌ನದು. ಈ ಡಿಸ್ಕ್‌ಗೆ ರೋಗವೇ ಇರಲಿಲ್ಲ.

ಇನ್ನು ಎಂಡಿ ಅರೇಗಳನ್ನು ನಿಭಾಯಿಸುವ ಎಂಡಿಎಡಿಎಂ ಕಮಾಂಡ್‌ನ ಎಕ್ಸಾಮಿನ್ ಆಯ್ಕೆ. ಪ್ರತಿ ಡಿಸ್ಕ್‌ನ ಸೂಪರ್‌ಬ್ಲಾಕ್, ಅಂದರೆ ಅರೇಯ ವಿವರ ಬರೆದಿಟ್ಟ ಜಾಗ, ಏನು ಹೇಳುತ್ತದೆ ಅಂತ ಇದು ತೋರಿಸುತ್ತದೆ. ಇದು ಓದುತ್ತದೆ ಅಷ್ಟೇ, ಬರೆಯುವುದಿಲ್ಲ. ನಾಲ್ಕೂ ಡಿಸ್ಕ್‌ಗಳ ಔಟ್‌ಪುಟ್ಟನ್ನು ಮೊದಲು ಬೇರೆ ಕಡೆ ಸೇವ್ ಮಾಡಿಕೊಳ್ಳಿ. ಕೊನೆಗೆ ಏನೂ ಉಳಿಯದಿದ್ದರೂ ಆ ನಾಲ್ಕು ಪುಟ ಇದ್ದರೆ ಅರೇಯನ್ನು ಮತ್ತೆ ಕಟ್ಟಬಹುದು. ನನಗೆ ಮುಖ್ಯವಾಗಿದ್ದು ಮೂರು ಸಾಲು: ಅಪ್‌ಡೇಟ್ ಟೈಮ್, ಈವೆಂಟ್ಸ್ (ಅರೇಯ ಸ್ಥಿತಿ ಬದಲಾದಾಗೆಲ್ಲ ಏರುವ ಎಣಿಕೆ), ಅರೇ ಸ್ಟೇಟ್.

ಅರೇ ಸ್ಟೇಟ್ ಹಾಜರಿ ಪುಸ್ತಕ ಇದ್ದಹಾಗೆ. ಎ ಅಕ್ಷರ ಇದ್ದರೆ ಆ ಜಾಗದ ಡಿಸ್ಕ್ ಇದೆ, ಚುಕ್ಕಿ ಇದ್ದರೆ ಇಲ್ಲ. ಮಜಾ ಏನೆಂದರೆ, ಹೊರಬಿದ್ದ ಡಿಸ್ಕ್‌ಗೆ ತಾನು ಹೊರಬಿದ್ದ ವಿಷಯ ಗೊತ್ತಿರುವುದಿಲ್ಲ. ಆಮೇಲೆ ಅದರ ಮೇಲೆ ಯಾರೂ ಬರೆಯುವುದೇ ಇಲ್ಲವಲ್ಲ. ಸಿ ಪ್ರಕಾರ ನಾಲ್ಕೂ ಡಿಸ್ಕ್ ಹಾಜರ್, ಈವೆಂಟ್ಸ್ 29310, ಅಪ್‌ಡೇಟ್ ಟೈಮ್ ಮೂರು ತಿಂಗಳ ಹಿಂದಿನದು. ಇ ಪ್ರಕಾರ ಸಿ ಒಂದೇ ಗೈರು, ಈವೆಂಟ್ಸ್ 41865. ಬಿ ಮತ್ತು ಡಿ ಪ್ರಕಾರ ಸಿ, ಇ ಎರಡೂ ಗೈರು, ಈವೆಂಟ್ಸ್ 41872.

ಇಷ್ಟು ನೋಡಿದರೆ ನಡೆದದ್ದು ಗೊತ್ತಾಗುತ್ತದೆ. ಮೂರು ತಿಂಗಳ ಹಿಂದೆ ಕೇಬಲ್ ಕೈಕೊಟ್ಟು ಸಿ ಹೊರಬಿದ್ದಿದೆ. ಎಚ್ಚರಿಕೆಯ ಮೇಲ್ ಯಾರಿಗೂ ಹೋಗುವಂತೆ ಇಟ್ಟಿರಲಿಲ್ಲ, ಹಾಗಾಗಿ ಯಾರಿಗೂ ತಿಳಿದಿಲ್ಲ. ಮೂರೇ ಡಿಸ್ಕ್‌ನಲ್ಲಿ ಸರ್ವರ್ ಓಡುತ್ತಲೇ ಇತ್ತು. ಈಗ ಇ ಕೆಟ್ಟಿದೆ. ಒಟ್ಟಿನಲ್ಲಿ ಆರೋಗ್ಯವಾಗಿರುವ ಡಿಸ್ಕ್‌ನಲ್ಲಿ ಹಳೆಯ ಡೇಟಾ, ಹೊಸ ಡೇಟಾ ಇರುವ ಡಿಸ್ಕ್‌ಗೆ ಕಾಯಿಲೆ. ಸುಮ್ನೆ ಸ್ಮಾರ್ಟ್ ವರದಿ ಮಾತ್ರ ನೋಡಿದ್ದರೆ ಸಿ ಹಾಕಿ ಅರೇ ಎಬ್ಬಿಸೋಣ ಅನಿಸುತ್ತಿತ್ತು. ಹಾಗೆ ಮಾಡಿದರೆ ಮೂರು ತಿಂಗಳ ಹಳೆಯ ತುಂಡುಗಳು ಹೊಸ ತುಂಡುಗಳ ಜೊತೆ ಬೆರೆತು ಫೈಲ್ ಸಿಸ್ಟಮ್ಮೇ ಕಲಸುಮೇಲೋಗರ ಆಗುತ್ತದೆ. ಬಿ, ಡಿ ಜೊತೆ ಬರಬೇಕಾದದ್ದು ಇ.

ಬಿ, ಡಿಗಳಿಗೂ ಇಗೂ ಇರುವ ಅಂತರ ಬರೀ ಏಳು ಈವೆಂಟ್. ಇ ಹೊರಬಿದ್ದ ಕ್ಷಣದಲ್ಲಿ ಅರೇ ನಿಂತುಹೋಯಿತು, ಆಮೇಲೆ ಹೊಸ ಡೇಟಾ ಬರೆದಿರುವ ಸಾಧ್ಯತೆ ತೀರಾ ಕಡಿಮೆ. ಎಂಡಿ ತನ್ನ ಲೆಕ್ಕ ಬರೆದುಕೊಂಡಿದ್ದೇ ಹೆಚ್ಚು.

ಇ ಹೊರಬಿದ್ದದ್ದು ಹೇಗೆ ಅಂತ ಹಳೆಯ ಕರ್ನಲ್ ಲಾಗ್‌ನಲ್ಲಿ (ಲಿನಕ್ಸ್‌ನ ತಿರುಳು ಬರೆದಿಡುವ ದಾಖಲೆ) ಇತ್ತು. ಇದು ಡೆಸ್ಕ್‌ಟಾಪ್ ಡಿಸ್ಕ್. ಇಂಥವು ಓದಲಾಗದ ಸೆಕ್ಟರ್ ಸಿಕ್ಕರೆ ಹಠ ಹಿಡಿದು ನಿಮಿಷಗಟ್ಟಲೆ ಪ್ರಯತ್ನಿಸುತ್ತಲೇ ಇರುತ್ತವೆ. ಲಿನಕ್ಸ್ ಕಾಯುವುದು ಸಾಮಾನ್ಯವಾಗಿ 30 ಸೆಕೆಂಡ್. ಅಷ್ಟರಲ್ಲಿ ಉತ್ತರ ಬರದಿದ್ದರೆ ಲಿಂಕ್ ರೀಸೆಟ್. ಮತ್ತೆ ಅದೇ ಕಥೆ. ಕೊನೆಗೆ ಡಿಸ್ಕ್ ಮಾತೇ ಆಡದಾಗ ಎಂಡಿ ಅದನ್ನು ಹೊರಹಾಕಿತು. ರೇಡ್‌ಗೆಂದು ಮಾಡಿದ ಡಿಸ್ಕ್‌ಗಳಲ್ಲಿ ಎರರ್ ರಿಕವರಿ ಸಮಯಕ್ಕೆ ಮಿತಿ ಹಾಕಬಹುದು, ಸಾಮಾನ್ಯವಾಗಿ 7 ಸೆಕೆಂಡ್. ಇದರಲ್ಲಿ ಆ ಸೌಲಭ್ಯವೇ ಇರಲಿಲ್ಲ. ಹಾಗಾಗಿ ಕರ್ನಲ್ ಕಾಯುವ ಸಮಯವನ್ನೇ 180 ಸೆಕೆಂಡ್‌ಗೆ ಏರಿಸಿದೆ.

ಈ ಹಂತದಲ್ಲಿ ಮಾಡಬಾರದ ಕೆಲಸ ಎರಡು ಇವೆ. ಒಂದು, ಹೇಗೋ ಅರೇ ಎಬ್ಬಿಸಿ ತಕ್ಷಣ ಸಿಯನ್ನು ಸೇರಿಸಿ ರೀಬಿಲ್ಡ್‌ಗೆ, ಅಂದರೆ ಅದರ ಡೇಟಾವನ್ನು ಉಳಿದವುಗಳಿಂದ ಮತ್ತೆ ಬರೆಸುವುದಕ್ಕೆ, ಬಿಡುವುದು. ರೀಬಿಲ್ಡ್ ಉಳಿದ ಮೂರು ಡಿಸ್ಕ್‌ಗಳ ಪ್ರತಿ ಸೆಕ್ಟರನ್ನೂ ಓದುತ್ತದೆ, ಇಯ ಕೆಟ್ಟ ಸೆಕ್ಟರ್‌ಗಳನ್ನೂ ಸೇರಿಸಿ. ಮಧ್ಯದಲ್ಲಿ ಮತ್ತೆ ಬೀಳುತ್ತದೆ. ಅಷ್ಟರಲ್ಲಿ ಸಿಯಲ್ಲಿದ್ದ ಹಳೆಯ ಡೇಟಾ ಅಳಿಸಿ ಹೋಗಿರುತ್ತದೆ, ಮತ್ತು ಆ ಹಳೆಯ ಡೇಟಾ ಮುಂದೆ ಬಹಳ ಕೆಲಸಕ್ಕೆ ಬಂತು. ಎರಡು, ಕ್ರಿಯೇಟ್ ಕಮಾಂಡ್. ಅದೇ ಡಿಸ್ಕ್‌ಗಳ ಮೇಲೆ ಅರೇಯನ್ನು ಹೊಸದಾಗಿ ಕ್ರಿಯೇಟ್ ಮಾಡಿದರೆ ಸರಿಹೋಗುತ್ತದೆ ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಡಿಸ್ಕ್‌ಗಳ ಸರದಿ, ಚಂಕ್ ಗಾತ್ರ, ಡೇಟಾ ಆಫ್‌ಸೆಟ್ (ಡೇಟಾ ಶುರುವಾಗುವ ಜಾಗ) ಎಲ್ಲ ಹಳೆಯದರಂತೆಯೇ ಇದ್ದರೆ ಮಾತ್ರ ಅದು ನಿಜ. ಆದರೆ ಎಂಡಿಎಡಿಎಂನ ಡೀಫಾಲ್ಟ್‌ಗಳು ಕಾಲಕಾಲಕ್ಕೆ ಬದಲಾಗಿವೆ. ಚಂಕ್ ಮೊದಲು 64 ಕಿಲೋಬೈಟ್ ಇತ್ತು, ಆಮೇಲೆ 512 ಆಯಿತು. ಡೇಟಾ ಒಂದು ಕಾಲದಲ್ಲಿ 2048ನೇ ಸೆಕ್ಟರ್‌ನಿಂದ ಶುರುವಾಗುತ್ತಿತ್ತು, ನಂತರ 262144ಕ್ಕೆ ಜರುಗಿತು. ಒಂದು ತಪ್ಪಿದರೂ ಕಥೆ ಮುಗಿಯಿತು. ಅದರ ಮೇಲೆ, ಎಲ್ಲ ಸರಿಯಿದೆ ಅಂದುಕೋ ಎನ್ನುವ ಅಸ್ಯೂಮ್-ಕ್ಲೀನ್ ಆಯ್ಕೆ ಕೊಡದಿದ್ದರೆ ತಕ್ಷಣ ಒಂದು ಡಿಸ್ಕ್ ಮೇಲೆ ಬರೆಯಲು ಶುರು ಮಾಡುತ್ತದೆ. ಬೇರೆ ಯಾವ ದಾರಿಯೂ ಇಲ್ಲದಾಗ, ಅದೂ ಓವರ್‌ಲೇ (ಮೂಲ ಡಿಸ್ಕನ್ನು ಮುಟ್ಟದೆ ಬರಹವನ್ನೆಲ್ಲ ಬೇರೆ ಫೈಲಿಗೆ ಕಳಿಸುವ ಪದರ) ಮೇಲೆ ಮಾತ್ರ, ಇದನ್ನು ಮುಟ್ಟಬೇಕು.

ಇಯ ನಕಲು

ಇಯನ್ನು ನಕಲು ಮಾಡಲು ತಂದ ಹೊಸ ಡಿಸ್ಕ್‌ನ ಸೆಕ್ಟರ್ ಸಂಖ್ಯೆ ನೋಡಿಕೊಂಡೆ: 512 ಬೈಟಿನ ಲೆಕ್ಕದಲ್ಲಿ 7814037168. ಹಳೆಯದೂ ಅಷ್ಟೇ. ಒಂದು ಸೆಕ್ಟರ್ ಕಡಿಮೆ ಇದ್ದರೂ ಪೂರ್ತಿ ನಕಲು ಕೂರುವುದಿಲ್ಲ.

ನಕಲಿಗೆ ಬಳಸಿದ್ದು ಗ್ನೂ ಡಿಡಿರೆಸ್ಕ್ಯೂ. ಸಾದಾ ನಕಲು ಕಮಾಂಡ್ ಡಿಡಿ ಇಲ್ಲಿ ಬೇಡ, ಎರರ್ ಬಂದಲ್ಲಿ ಅದು ನಿಂತುಬಿಡುತ್ತದೆ. ಡಿಡಿರೆಸ್ಕ್ಯೂ ಮೊದಲು ಸುಲಭವಾಗಿ ಸಿಗುವುದನ್ನೆಲ್ಲ ಬಾಚಿಕೊಳ್ಳುತ್ತದೆ, ಕೆಟ್ಟ ಜಾಗಗಳನ್ನು ಹಾರಿ ಮುಂದೆ ಹೋಗುತ್ತದೆ, ಎಲ್ಲವನ್ನೂ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಕರೆಂಟ್ ಹೋದರೂ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಮ್ಯಾಪ್ ಫೈಲನ್ನು ಮೂರನೆಯ ಡಿಸ್ಕ್‌ನಲ್ಲಿ ಇಡಬೇಕು. ಆಮೇಲಿನ ಇಡೀ ಕೆಲಸ ನಿಂತಿರುವುದೇ ಅದರ ಮೇಲೆ.

ಮೊದಲ ಸುತ್ತು ಸ್ಕ್ರೇಪ್ ಮಾಡದೆ (ಕೆಟ್ಟ ಜಾಗಗಳನ್ನು ಕೆರೆಯದೆ), ಡೈರೆಕ್ಟ್ ಮೋಡ್‌ನಲ್ಲಿ (ಕರ್ನಲ್‌ನ ಕ್ಯಾಶ್ ಬಳಸದೆ). ಇಷ್ಟು ದೊಡ್ಡ ಡಿಸ್ಕ್ ಚೆನ್ನಾಗಿದ್ದರೂ ಪೂರ್ತಿ ಓದಲು ಏಳೆಂಟು ಗಂಟೆ ಬೇಕು. ಡಿಸ್ಕ್ ಮೇಲೆ ಫ್ಯಾನ್ ಇಟ್ಟಿದ್ದೆ. ಬಹುಪಾಲು ಸಲೀಸಾಗಿ ಬಂತು. ನಂತರ ಕೆಟ್ಟ ಜಾಗಗಳಿಗೆ ಮಾತ್ರ ರೀಟ್ರೈ, ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ. ದಿಕ್ಕು ಬದಲಿಸಿದಾಗ ಕೆಲವು ಸೆಕ್ಟರ್ ಬಾಯಿ ಬಿಡುತ್ತವೆ, ನಿಜವಾಗಿಯೂ. ಕೊನೆಗೆ ಬಾರದೆ ಉಳಿದದ್ದು 188 ಕಿಲೋಬೈಟ್, ಅಂದರೆ 4 ಕಿಲೋಬೈಟಿನ 47 ಸೆಕ್ಟರ್. 4 ಟೆರಾಬೈಟಿನಲ್ಲಿ ಇದು ಏನೂ ಅಲ್ಲ ಅನಿಸುತ್ತದೆ, ಅಲ್ವಾ?

ಇದಾದ ಮೇಲೆ ಮೂಲ ಇ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಟ್ಟೆ. ನಕಲಿನಲ್ಲೂ ಮೂಲದಲ್ಲೂ ಸೂಪರ್‌ಬ್ಲಾಕ್ ಒಂದೇ. ಎರಡೂ ಸಿಕ್ಕಿಸಿಕೊಂಡಿದ್ದರೆ ಎಂಡಿಎಡಿಎಂ ಯಾವುದನ್ನು ಎತ್ತಿಕೊಳ್ಳುತ್ತದೋ ಹೇಳಲಾಗದು. ಸಿಯನ್ನೂ ಸದ್ಯಕ್ಕೆ ಬಿಚ್ಚಿಟ್ಟೆ.

ಬಿ, ಡಿ, ಇಯ ನಕಲು, ಮೂರಕ್ಕೂ ಓವರ್‌ಲೇ ಮಾಡಿದೆ. ಮೊದಲು ಡಿಸ್ಕನ್ನು ಬ್ಲಾಕ್‌ಡೆವ್ ಕಮಾಂಡ್‌ನಿಂದ ರೀಡ್ ಓನ್ಲಿ ಮಾಡಬೇಕು. ಆಮೇಲೆ ಬೇರೆ ಕಡೆ ಒಂದು ಸ್ಪಾರ್ಸ್ ಫೈಲ್ (ಬರೆದಷ್ಟೇ ಜಾಗ ತಿನ್ನುವ ಫೈಲ್), ಅದನ್ನು ಡಿಸ್ಕ್‌ನಂತೆ ತೋರಿಸುವ ಲೂಪ್ ಡಿವೈಸ್. ಎರಡನ್ನೂ ಡಿಎಂಸೆಟಪ್‌ನ ಸ್ನ್ಯಾಪ್‌ಶಾಟ್ ಟಾರ್ಗೆಟ್‌ನಿಂದ ಜೋಡಿಸಬೇಕು, ಚಂಕ್ 8 ಸೆಕ್ಟರ್. ಓದುವುದು ಡಿಸ್ಕ್‌ನಿಂದ, ಬರೆಯುವುದು ಫೈಲಿಗೆ. ಏನು ಎಡವಟ್ಟಾದರೂ ಫೈಲ್ ಅಳಿಸಿದರೆ ಮತ್ತೆ ಮೊದಲಿನ ಸ್ಥಿತಿ. ಸ್ಪಾರ್ಸ್ ಫೈಲ್ ಇರುವ ಕಡೆ ಜಾಗ ಸಾಕಷ್ಟು ಇರಲಿ, ತುಂಬಿಹೋದರೆ ಸ್ನ್ಯಾಪ್‌ಶಾಟ್ ಅಲ್ಲೇ ಅಸಿಂಧು. ಇದನ್ನು ಹೊಂದಿಸಲು ಅರ್ಧ ಗಂಟೆ ಹಿಡಿಯುತ್ತದೆ. ಆ ಮೇಲೆ ನಿಶ್ಚಿಂತೆಯಿಂದ ಫೈಲ್ ಸಿಸ್ಟಮ್ ರಿಪೇರಿ ಮಾಡುವ ಎಫ್‌ಎಸ್‌ಸಿಕೆಯನ್ನೂ ಓಡಿಸಬಹುದು.

ಮೂರು ಓವರ್‌ಲೇ ಕೊಟ್ಟು ಎಂಡಿಎಡಿಎಂನ ಅಸೆಂಬಲ್ (ಅರೇ ಜೋಡಿಸುವ ಕಮಾಂಡ್), ಫೋರ್ಸ್ ಆಯ್ಕೆಯೊಡನೆ. ಇಯ ಈವೆಂಟ್ ಎಣಿಕೆಯನ್ನು 41865ರಿಂದ 41872ಕ್ಕೆ ಏರಿಸುತ್ತಿದ್ದೇನೆ ಅಂತ ಎಂಡಿಎಡಿಎಂ ಹೇಳಿತು, ನಾಲ್ಕರಲ್ಲಿ ಮೂರು ಡಿಸ್ಕ್‌ನಿಂದ ಅರೇ ಶುರುವಾಯಿತು. ಮೌಂಟೂ ಆಯಿತು. ಫೋಲ್ಡರುಗಳೆಲ್ಲ ಕಂಡವು.

ಆದರೆ ನಕಲಿನಲ್ಲಿ ಸರಿಯಾಗಿಯೇ ಇರುವ ಜಾಗದಲ್ಲೂ ಕೆಲವು ಫೈಲು ಓದುವಾಗ ಎರರ್ ಬರುತ್ತಿತ್ತು. ಹೊಸ ಡಿಸ್ಕ್, ಸ್ಮಾರ್ಟ್ ಶುದ್ಧ, ಕರ್ನಲ್ ಲಾಗ್‌ನಲ್ಲಿ ಸಾಟಾ ಎರರ್ ಒಂದೂ ಇಲ್ಲ. ಇದು ಎಂಡಿಯ ಬ್ಯಾಡ್ ಬ್ಲಾಕ್ ಲಾಗ್‌ನ ಕೆಲಸ. ಡಿಸ್ಕ್ ಕೆಡುತ್ತಿದ್ದಾಗ ಓದಲಾಗದ ಜಾಗಗಳ ಪಟ್ಟಿಯನ್ನು ಎಂಡಿ ಅದೇ ಡಿಸ್ಕ್‌ನಲ್ಲಿ ಬರೆದಿಟ್ಟುಕೊಂಡಿರುತ್ತದೆ. ನಕಲು ಮಾಡಿದಾಗ ಪಟ್ಟಿಯೂ ನಕಲಾಗಿದೆ. ಡಿಡಿರೆಸ್ಕ್ಯೂ ಕಷ್ಟಪಟ್ಟು ತಂದ ಸೆಕ್ಟರನ್ನು ಎಂಡಿ ಓದುವುದಕ್ಕೇ ಹೋಗುತ್ತಿಲ್ಲ. ಎಕ್ಸಾಮಿನ್-ಬ್ಯಾಡ್‌ಬ್ಲಾಕ್ಸ್ ಕೊಟ್ಟರೆ ಪಟ್ಟಿ ಕಾಣುತ್ತದೆ. ಅರೇ ನಿಲ್ಲಿಸಿ, ಅಪ್‌ಡೇಟ್ ಆಯ್ಕೆಯಲ್ಲಿ ಫೋರ್ಸ್-ನೋ-ಬಿಬಿಎಲ್ ಕೊಟ್ಟು ಮತ್ತೆ ಅಸೆಂಬಲ್ ಮಾಡಿದೆ. ಬರೀ ನೋ-ಬಿಬಿಎಲ್ ಸಾಲದು, ಪಟ್ಟಿ ಖಾಲಿ ಇದ್ದರೆ ಮಾತ್ರ ಅದು ಒಪ್ಪುತ್ತದೆ. ಎರರ್ ಎಲ್ಲ ಹೋಯಿತು.

ಹೋಯಿತು ಅಂದರೆ, ತೋರಿಸುವವರೇ ಇಲ್ಲವಾದರು. ಆ 47 ಸೆಕ್ಟರ್ ಈಗ ನಕಲಿನಲ್ಲಿ ಏನೋ ಒಂದಾಗಿ ಕೂತಿವೆ. ಎಂಡಿಗೂ ಇಎಕ್ಸ್‌ಟಿ4ಗೂ ಅದು ಒಳ್ಳೆಯ ಡೇಟಾನೇ. ಫೈಲ್ ಕಾಪಿ ಮಾಡಿದರೆ ಎರರ್ ಇಲ್ಲದೆ ಕಾಪಿ ಆಗುತ್ತದೆ, ಒಳಗೆ ತೂತು.

ಹಾಳಾದ ಫೈಲು ಯಾವುವು

ಸಾಮಾನ್ಯವಾಗಿ ಹೇಳುವ ಉಪಾಯ ಒಂದಿದೆ. ಡಿಡಿರೆಸ್ಕ್ಯೂನ ಫಿಲ್ ಮೋಡ್ ಬಳಸಿ, ಮ್ಯಾಪ್ ಫೈಲಿನಲ್ಲಿ ಕೆಟ್ಟದ್ದು ಅಂತ ಇರುವ ಜಾಗಗಳಲ್ಲಿ ಮಾತ್ರ ಒಂದು ವಿಚಿತ್ರ ಪದವನ್ನು ತುಂಬುವುದು. ಆಮೇಲೆ ಎಲ್ಲ ಫೈಲುಗಳಲ್ಲೂ ಆ ಪದ ಹುಡುಕುವುದು. ಒಂಟಿ ಡಿಸ್ಕ್‌ಗೆ ಇದು ಚೆನ್ನ. ಡಿಸ್ಕ್ ಕಡಿಮೆಯಿರುವ ರೇಡ್ 5ಕ್ಕೆ ಸಾಲದು.

ಕಾರಣ ಹೀಗೆ. ನಾಲ್ಕೂ ಡಿಸ್ಕ್‌ಗಳಲ್ಲಿ ಒಂದೇ ಜಾಗದಲ್ಲಿರುವ ತುಂಡುಗಳು ಸೇರಿ ಒಂದು ಸಾಲು. ಪ್ರತಿ ಸಾಲಿನಲ್ಲಿ ಮೂರು ಡೇಟಾ ತುಂಡು, ಒಂದು ಪ್ಯಾರಿಟಿ, ಅಂದರೆ ಆ ಮೂರರಿಂದ ಲೆಕ್ಕ ಹಾಕಿದ ತುಂಡು. ಪ್ಯಾರಿಟಿಯ ಜಾಗ ಸಾಲಿನಿಂದ ಸಾಲಿಗೆ ಡಿಸ್ಕ್ ಬದಲಿಸುತ್ತಾ ಹೋಗುತ್ತದೆ. ಸಿ ಇಲ್ಲದ ಕಾರಣ ಅದರ ತುಂಡನ್ನು ಉಳಿದ ಮೂರರಿಂದ ಎಕ್ಸಾರ್ (ಬಿಟ್‌ಗೆ ಬಿಟ್ ಹೋಲಿಸುವ ಲೆಕ್ಕ) ಮಾಡಿ ತೆಗೆಯಬೇಕು. ಈಗ ಇಯಲ್ಲಿ ಒಂದು ಸೆಕ್ಟರ್ ಇಲ್ಲ ಅನ್ನಿ. ಆ ಸಾಲಿನ ಪ್ಯಾರಿಟಿ ಸಿಯಲ್ಲಿದ್ದರೆ, ಇಯ ಡೇಟಾ ಮಾತ್ರ ಹೋಗುತ್ತದೆ. ಪ್ಯಾರಿಟಿ ಇಯಲ್ಲೇ ಇದ್ದರೆ, ಇಯ ಡೇಟಾ ಏನೂ ಹೋಗಿಲ್ಲ, ಆದರೆ ಸಿಯ ಡೇಟಾ ತಪ್ಪಾಗಿ ಲೆಕ್ಕವಾಗುತ್ತದೆ. ಪ್ಯಾರಿಟಿ ಬಿ ಅಥವಾ ಡಿಯಲ್ಲಿದ್ದರೆ ಎರಡೂ ಹೋದವು. ಅರ್ಧದಷ್ಟು ಸಾಲುಗಳು ಈ ಮೂರನೆಯ ಬಗೆಯವು. ಹಾಗಾಗಿ ಒಂದು ಕೆಟ್ಟ ಸೆಕ್ಟರ್ ಸರಾಸರಿ ಒಂದೂವರೆ ಸೆಕ್ಟರ್ ಡೇಟಾ ತಿನ್ನುತ್ತದೆ. ಅದರಲ್ಲೂ ಸಿಯ ಪಾಲಿನದು ಎಕ್ಸಾರ್ ಆಗಿ ಬರುವುದರಿಂದ ನಾವು ತುಂಬಿದ ಪದ ಅಲ್ಲಿ ಕಾಣುವುದೇ ಇಲ್ಲ. ಬರೀ ಕಸ ಕಾಣುತ್ತದೆ. ಹುಡುಕಿದರೆ ಸಿಗುವುದಿಲ್ಲ.

ಹಾಗಾಗಿ ಅರೇಯನ್ನು ಎರಡು ಸಲ ಎಬ್ಬಿಸಿದೆ. ಮೊದಲ ಸಲ ಕೆಟ್ಟ ಜಾಗಗಳಲ್ಲೆಲ್ಲ ಸೊನ್ನೆ ತುಂಬಿ. ಎಫ್‌ಎಸ್‌ಸಿಕೆ ಓಡಿಸಿ, ರೀಡ್ ಓನ್ಲಿ ಮೌಂಟ್ ಮಾಡಿ, ಎಲ್ಲವನ್ನೂ ಬೇರೊಂದು ದೊಡ್ಡ ಡಿಸ್ಕ್‌ಗೆ ಕಾಪಿ ಮಾಡಿ, ಪ್ರತಿ ಫೈಲಿನ ಶಾ256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಬರೆದಿಟ್ಟೆ. ನಂತರ ಓವರ್‌ಲೇಗಳನ್ನು ಎಸೆದು ಹೊಸದು ಮಾಡಿ, ಅದೇ ಜಾಗಗಳಲ್ಲಿ ವಿಚಿತ್ರ ಪದ ತುಂಬಿ, ಅದೇ ಕ್ರಮದಲ್ಲಿ ಮತ್ತೆ ಎಬ್ಬಿಸಿ, ಮತ್ತೆ ಶಾ256. ಎರಡು ಪಟ್ಟಿಗಳನ್ನು ಡಿಫ್ ಮಾಡಿದರೆ, ಅಂದರೆ ಹೋಲಿಸಿದರೆ, ಮುಗಿಯಿತು. ಕೆಟ್ಟ ಸೆಕ್ಟರ್‌ನ ನೆರಳು ನೇರವಾಗಿ ಬಿದ್ದಿರಲಿ, ಎಕ್ಸಾರ್ ಮೂಲಕ ಬಿದ್ದಿರಲಿ, ಆ ಫೈಲಿನ ಮೊತ್ತ ಎರಡು ಸಲವೂ ಒಂದೇ ಬರಲು ಸಾಧ್ಯವಿಲ್ಲ. ಎರಡರಲ್ಲೂ ಒಂದೇ ಬಂದ ಫೈಲಿಗೆ ಆ ಸೆಕ್ಟರ್‌ಗಳ ಸಹವಾಸವೇ ಇಲ್ಲ.

6 ಟೆರಾಬೈಟ್ ಎರಡು ಸಲ ಓದಬೇಕು ನಿಜ. ಆದರೆ ಅದು ಮೆಷಿನ್ ಪಡುವ ಪಾಡು.

ಬೇರೆಯಾಗಿ ಬಂದ ಫೈಲುಗಳು 11. ಸುಮ್ಮನೆ ಕುತೂಹಲಕ್ಕೆ ವಿಚಿತ್ರ ಪದವನ್ನೂ ಹುಡುಕಿ ನೋಡಿದೆ, ಅದು ಸಿಕ್ಕಿದ್ದು 7ರಲ್ಲಿ ಮಾತ್ರ. ಉಳಿದ ನಾಲ್ಕು ಎಕ್ಸಾರ್ ಪಾಲಿನವು. ಬಾಕಿ ಕೆಟ್ಟ ಸೆಕ್ಟರ್‌ಗಳು ಬಿದ್ದದ್ದು ಖಾಲಿ ಜಾಗದಲ್ಲಿ. ಡಿಸ್ಕ್ ಅರ್ಧ ಖಾಲಿ ಇದ್ದದ್ದು ಪುಣ್ಯ.

ಈಗ ಸಿಯ ಸರದಿ. ಕೇಬಲ್ ಬದಲಿಸಿ ಸಿಕ್ಕಿಸಿದರೆ ಡಿಸ್ಕ್ ಗಟ್ಟಿಮುಟ್ಟು. ಡೇಟಾ ಮೂರು ತಿಂಗಳು ಹಳೆಯದು, ಆದರೆ 11ರಲ್ಲಿ 10 ಫೈಲುಗಳ ಮಾರ್ಪಾಡಿನ ದಿನಾಂಕ ಅದಕ್ಕೂ ಹಿಂದಿನದು. ಅಂದರೆ ಆ ಫೈಲುಗಳ ಮಟ್ಟಿಗೆ ಸಿಯಲ್ಲಿರುವುದು ಇವತ್ತಿಗೂ ಸರಿ. ಬಿ, ಸಿ, ಡಿ ಮೂರನ್ನು ಓವರ್‌ಲೇ ಮೇಲೆ ಫೋರ್ಸ್ ಮಾಡಿ, ಇ ಇಲ್ಲದೆ, ಎರಡನೆಯ ಅರೇ ಕಟ್ಟಿದೆ. ಇದನ್ನು ಮೌಂಟ್ ಮಾಡಲು ಹೋಗಲಿಲ್ಲ. ಫೈಲ್ ಸಿಸ್ಟಮ್‌ನ ಲೆಕ್ಕಪತ್ರದಲ್ಲಿ ಹಳೆಯದು ಹೊಸದು ಬೆರೆತಿರುತ್ತದೆ, ನಂಬುವಂತಿಲ್ಲ. ಅದರ ಬದಲು ಮೊದಲ ಅರೇಯಲ್ಲಿ ಫೈಲ್‌ಫ್ರ್ಯಾಗ್ ಕೊಟ್ಟು ಪ್ರತಿ ಫೈಲು ಯಾವ ಯಾವ ಬ್ಲಾಕ್‌ನಲ್ಲಿದೆ ಅಂತ ತಿಳಿದುಕೊಂಡೆ. ಎರಡನೆಯ ಅರೇಯಿಂದ ಅದೇ ನಂಬರಿನ ಬ್ಲಾಕ್‌ಗಳನ್ನು ಡಿಡಿಯಿಂದ ತೆಗೆದು ಜೋಡಿಸಿದೆ. ಬ್ಲಾಕ್ ಗಾತ್ರ 4096 ಅಂತ ಡಿಡಿಗೆ ಹೇಳಿದರೆ ಫೈಲ್‌ಫ್ರ್ಯಾಗ್‌ನ ನಂಬರನ್ನು ಹಾಗೇ ಬಳಸಬಹುದು. ಕೊನೆಯ ಬ್ಲಾಕ್‌ನ ಬಾಲವನ್ನು ಫೈಲಿನ ನಿಜವಾದ ಉದ್ದಕ್ಕೆ ಕತ್ತರಿಸಬೇಕು.

ಇದಕ್ಕೂ ಒಂದು ತೊಡಕಿದೆ. ಅದೇ ಸಾಲಿನಲ್ಲಿರುವ ಬೇರೆ ಫೈಲಿನ ತುಂಡು ಈ ಮೂರು ತಿಂಗಳಲ್ಲಿ ಬದಲಾಗಿದ್ದರೆ, ಇಯ ಪಾಲು ತಪ್ಪಾಗಿ ಲೆಕ್ಕವಾಗಬಹುದು. ಹಾಗಾಗಿ ಒಳಗೇ ಚೆಕ್‌ಸಮ್ ಇರುವ ಫೈಲುಗಳನ್ನು ಅದರಿಂದಲೇ ಪರೀಕ್ಷಿಸಿದೆ. ಜಿಪ್ ಫೈಲುಗಳಿಗೆ ಅನ್‌ಜಿಪ್‌ನ ಟೆಸ್ಟ್, ಫ್ಲಾಕ್ ಆಡಿಯೋಗೆ ಫ್ಲಾಕ್‌ನದೇ ಟೆಸ್ಟ್. ಅಂಥದ್ದಿಲ್ಲದ ವಿಡಿಯೋಗಳನ್ನು ಎರಡು ಅರೇಗಳ ಕಾಪಿ ಹೋಲಿಸಿ ನೋಡಿದೆ. ವ್ಯತ್ಯಾಸ ಕೆಟ್ಟ ಸೆಕ್ಟರ್‌ಗೆ ಸೇರಿದ 4 ಕಿಲೋಬೈಟುಗಳಲ್ಲಿ ಮಾತ್ರ ಇದ್ದು, ವಿಡಿಯೋ ಆ ಜಾಗದಲ್ಲಿ ತಡವರಿಸದೆ ಓಡಿದರೆ ಒಪ್ಪಿಕೊಂಡೆ. ಹತ್ತರಲ್ಲಿ ಒಂಬತ್ತು ಪಾಸಾದವು. ಒಂದು ಜಿಪ್ ಫೇಲಾಯಿತು. ಇತ್ತೀಚಿನ ಸ್ಪ್ರೆಡ್‌ಶೀಟ್ ಒಂದಕ್ಕೆ ಸಿಯಿಂದ ಉಪಯೋಗವಿರಲಿಲ್ಲ.

ಇನ್ನೊಂದು ಗುಂಪು ಬಾಕಿ ಇತ್ತು. ಅರೇ ಬಿದ್ದ ಹೊತ್ತಿನಲ್ಲಿ ಬರೆಯುತ್ತಿದ್ದ ಫೈಲುಗಳು. ಡೇಟಾ ಡಿಸ್ಕ್‌ಗೆ ಬಿದ್ದು ಪ್ಯಾರಿಟಿ ಬೀಳುವ ಮೊದಲೇ ನಿಂತರೆ ಆ ಸಾಲು ಅರ್ಧಂಬರ್ಧ. ರೇಡ್ 5ರ ರೈಟ್ ಹೋಲ್ ಅಂತ ಕರೆಯುವುದು ಇದನ್ನೇ. ಮೇಲಿನ ಡಿಫ್ ಇದನ್ನು ಹಿಡಿಯುವುದಿಲ್ಲ. ಇಯ ಅಪ್‌ಡೇಟ್ ಟೈಮ್ ಇಟ್ಟುಕೊಂಡು ಅದರ ಹಿಂದಿನ ಒಂದು ಗಂಟೆಯಲ್ಲಿ ಬದಲಾದ ಫೈಲುಗಳ ಪಟ್ಟಿ ತೆಗೆದು ಗೆಳೆಯರಿಗೆ ಕೊಟ್ಟೆ. ಹೆಚ್ಚಿನವು ಲಾಗ್‌ಗಳು ಮತ್ತು ಟೆಂಪ್ ಫೈಲುಗಳು. ಉಳಿದ ಕೆಲವನ್ನು ಅವರು ತೆರೆದು ನೋಡಿ ಸರಿಯಿದೆ ಎಂದರು.

ಹೊಸ ಅರೇ ಕಟ್ಟಿದ್ದು ಎಲ್ಲ ಬೇರೆ ಡಿಸ್ಕ್‌ಗೆ ಬಂದು, ಮೊತ್ತಗಳು ತಾಳೆಯಾದ ಮೇಲೆ. ಬಿ, ಸಿ, ಡಿ, ಜೊತೆಗೆ ನಕಲಿಗೆ ತಂದ ಡಿಸ್ಕ್. ಸಿಗೆ ಸ್ಮಾರ್ಟ್‌ನ ಲಾಂಗ್ ಟೆಸ್ಟ್ ಓಡಿಸಿ ಪಾಸಾದ ಮೇಲೇ ಸೇರಿಸಿದ್ದು. ಈ ಸಲ ರೇಡ್ 6, ಜಾಗ 8 ಟೆರಾಬೈಟ್‌ಗೆ ಇಳಿದರೂ ಸರಿ. ಒಂದು ಡಿಸ್ಕ್ ಹೋಗಿರುವಾಗಲೂ ಕೆಟ್ಟ ಸೆಕ್ಟರನ್ನು ಲೆಕ್ಕ ಹಾಕಿ ತೆಗೆಯಲು ಇನ್ನೊಂದು ಪ್ಯಾರಿಟಿ ಇರುತ್ತದೆ. ಅರೇಯನ್ನು ಕಾಯುವ ಎಂಡಿಎಡಿಎಂನ ಮಾನಿಟರ್‌ಗೆ ಮೇಲ್ ವಿಳಾಸ ಕೊಟ್ಟು, ಟೆಸ್ಟ್ ಆಯ್ಕೆಯಿಂದ ಮೇಲ್ ನಿಜವಾಗಿ ಬರುತ್ತದೆಯೇ ನೋಡಿದೆ. 180 ಸೆಕೆಂಡ್‌ನ ಟೈಮ್‌ಔಟನ್ನು ಪ್ರತಿ ಬೂಟ್‌ಗೂ ಹಾಕುವ ಸಣ್ಣ ಸ್ಕ್ರಿಪ್ಟ್, ತಿಂಗಳಿಗೊಮ್ಮೆ ಇಡೀ ಅರೇ ಓದುವ ಚೆಕ್. ಮೊದಲ ಚೆಕ್‌ನಲ್ಲಿ ಮಿಸ್‌ಮ್ಯಾಚ್ ಕೌಂಟ್ (ಪ್ಯಾರಿಟಿ ತಾಳೆಯಾಗದ ಜಾಗಗಳ ಎಣಿಕೆ) ಸೊನ್ನೆ ಬಂತು. ಸ್ಪ್ರೆಡ್‌ಶೀಟ್‌ನ ಪ್ರತಿ ಯಾರದೋ ಮೇಲ್‌ನ ಅಟ್ಯಾಚ್‌ಮೆಂಟ್‌ನಲ್ಲಿ ಸಿಕ್ಕಿತು. ಜಿಪ್‌ನಲ್ಲಿ ಒಂದು ಫೋಟೋ ಬಿಟ್ಟು ಉಳಿದವೆಲ್ಲ ಹೊರಬಂದವು.